ಸುಣ್ಣ ಕಚ್ಚಿದ ಗಾಯವಲ್ಲ

ನೋಯದ ಗಾಯಕ್ಕೆ ನಮ್ಮ ಮನೆಯಲ್ಲಿ ಯಾರೂ ಮರ್ಯಾದೆ ಕೊಡಲ್ಲ. ಬೆರಳ ಮೇಲೆ ಕಲ್ಲು ಬಿದ್ದು ಉಗುರು ಕಪ್ಪಾದರೆ ಒಂದು ಹೊತ್ತು ಕೂರ್ತೀವಿ. ಸೊಂಟ ಹಿಡಿದರೆ ಬಗ್ಗೋ ಕೆಲಸ ಬಿಟ್ಟು ನಿಂತು ಮಾಡೋ ಕೆಲಸ ಮಾಡ್ತೀವಿ. ನೋವೇ ಇಲ್ಲ ಅಂದಮೇಲೆ ಅದು ಗಾಯವೇ ಅಲ್ಲ, ಮೈಮೇಲೊಂದು ಕಲೆ, ಅಷ್ಟೇ. ಹೀಗಂದುಕೊಂಡೇ ನಮ್ಮ ಯಜಮಾನರ ಕಣ್ಣು ಹೋಗೋದರಲ್ಲಿತ್ತು. ಅದನ್ನೇ ಹೇಳೋಕೆ ಕೂತಿದ್ದೀನಿ. ನನಗೆ ಸುಸ್ತಾಗಿದೆ, ನಿಧಾನಕ್ಕೆ ಹೇಳ್ತೀನಿ, ನಡುವೆ ಬಾಯಿ ಹಾಕಬೇಡಿ.

ನಮ್ಮದು ಹಳೇ ಮನೆ ಕೆಡವೋ ಕೆಲಸ. ಮನೆ ಕಟ್ಟೋ ಮೇಸ್ತ್ರಿಯನ್ನ ಜನ ಕರೆದು ಕೂರಿಸಿ ಮಾತಾಡಿಸ್ತಾರೆ. ಕೆಡವೋ ಮೇಸ್ತ್ರಿಗೆ ಮೂಗು ಮುಚ್ಚಿಕೊಂಡು, ಬೇಗ ಮುಗಿಸಪ್ಪ, ಧೂಳು ಅಂತಾರೆ. ಆದರೆ ಕೆಡವೋದು ಅಂದರೆ ಹುಡುಗಾಟ ಅಲ್ಲ. ಯಾವ ಕಲ್ಲು ಮೊದಲು ಎಳೀಬೇಕು, ಯಾವ ತೊಲೆ ಕೊನೆಗೆ ಇಳಿಸಬೇಕು ಅಂತ ಗೊತ್ತಿಲ್ಲದಿದ್ದರೆ ಗೋಡೆ ನಮ್ಮ ತಲೆ ಮೇಲೇ ಬಂದು ಕೂರುತ್ತೆ. ಇವರು ಗೋಡೆಗೆ ಕೈ ಹಚ್ಚೋ ಮೊದಲು ಉಳಿಯಿಂದ ಗಾರೆಯನ್ನ ಒಂದಿಷ್ಟು ಕೆರೆದು ಒಳಗೇನಿದೆ ಅಂತ ನೋಡ್ತಾರೆ. ಮಣ್ಣೋ, ಇಟ್ಟಿಗೆಯೋ, ಗೆದ್ದಲು ತಿಂದಿದೆಯೋ, ನೀರು ಕುಡಿದಿದೆಯೋ. ಆಮೇಲೆ ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ಒಮ್ಮೆ ನೋಡಿ, ಇಲ್ಲಿ ಹಾರೆ ಹಾಕು ಅಂತಾರೆ. ಗೋಡೆ ಇವರು ಹೇಳಿದ ಕಡೆಗೇ ಮಲಗುತ್ತೆ. ನಮ್ಮ ಸಂಸಾರ ನಡೀತಿರೋದು ಇವರ ತೋಳಿನಿಂದ ಅಲ್ಲ, ಈ ಕಣ್ಣಿನಿಂದ.

ಕೆಡವಿದ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಮಾರಾಟ ಆಗೋ ತನಕ ಅಲ್ಲೇ ರಾಶಿ ಬಿದ್ದಿರುತ್ತೆ. ಕಾಯದಿದ್ದರೆ ಬೆಳಗಾಗೋದರಲ್ಲಿ ಮಾಯ. ಅದಕ್ಕೆ ಇವರು ಅರ್ಧ ಕೆಡವಿದ ಮಣ್ಣಿನ ಗೋಡೆ ಪಕ್ಕದಲ್ಲೇ ಚಾಪೆ ಹಾಸಿ ಮಲಗ್ತಾರೆ. ಸೆಕೆ ಅಂತ ಹೊದಿಯೋದೂ ಇಲ್ಲ. ಅಂಗಿ ಬಿಚ್ಚಿ ತಲೆದಿಂಬು ಮಾಡಿಕೊಳ್ತಾರೆ. ಎಷ್ಟು ಹೇಳಿದರೂ ಅಷ್ಟೇ, ಇವರಿಗೆ ನನ್ನ ಮಾತು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋದು.

ಹಿಂದುಗಡೆ ದನದ ಕೊಟ್ಟಿಗೆ ಇದ್ದ ಒಂದು ಹಳೇ ಮನೆ ಕೆಡವಿ ಒಂದೆರಡು ತಿಂಗಳಾಗಿತ್ತು. ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಸೊಳ್ಳೆ ಕಚ್ಚಿದ ಹಾಗೆ ಒಂದು ಕೆಂಪು ಗಂಟು ಕಾಣಿಸಿತು. ಏನ್ರೀ ಇದು ಅಂದೆ. ಸುಣ್ಣ ಕಚ್ಚಿದೆ ಅಂದರು.

ನಮ್ಮ ಕೆಲಸದಲ್ಲಿ ಇದು ದಿನಬೆಳಗಾದರೆ ಆಡೋ ಮಾತು. ಹೊಸ ಚಪ್ಪಲಿ ಕಾಲು ಕಚ್ಚುತ್ತೆ ಅಂತೀವಲ್ಲ, ಹಾಗೆ ನಮಗೆ ಸುಣ್ಣವೂ ಕಚ್ಚುತ್ತೆ. ಗಾರೆ ಉದುರಿಸುವಾಗ ಅದರ ಪುಡಿ ಬೆವರಿಗೆ ಅಂಟಿ, ನಾವು ಮೊಣಕೈಯಲ್ಲಿ ಉಜ್ಜಿ, ಚರ್ಮ ಕೆಂಪಾಗಿ ಉರಿಯುತ್ತೆ. ತೊಳೆದು ಎಣ್ಣೆ ಸವರಿದರೆ ನಾಲ್ಕು ದಿನಕ್ಕೆ ಹೋಗುತ್ತೆ. ಹಾಗಾಗಿ ಇವರು ರೆಪ್ಪೆಗೂ ಎಣ್ಣೆ ಸವರಿಕೊಂಡು ಕೆಲಸಕ್ಕೆ ಹೋದರು. ನಾನೂ ಹಿಂದೆ ಬುಟ್ಟಿ ಹೊತ್ತುಕೊಂಡು ಹೋದೆ.

ಅದು ಹೋಗಲಿಲ್ಲ. ನಮ್ಮತ್ತೆ ನೋಡಿ, ಇದು ಕಣ್ಣಿನ ಕುರು ಕಣೇ, ಶಾಖ ಕೊಟ್ಟರೆ ಒಡೆಯುತ್ತೆ ಅಂದರು. ಬಟ್ಟೆ ಬಿಸಿ ಮಾಡಿ ಮಾಡಿ ಮಗನ ಕಣ್ಣಿಗೆ ಇಟ್ಟರು. ಒಡೆಯೋದಕ್ಕೆ ಅದರಲ್ಲಿ ಕೀವೇ ಇರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಮುಲಾಮು ತಂದೆವು. ಕ್ಲಿನಿಕ್ಕಿನಲ್ಲಿ ದೂರದಿಂದಲೇ ನೋಡಿ ಮಾತ್ರೆ ಬರೆದುಕೊಟ್ಟರು, ಅದನ್ನೂ ನುಂಗಿದ್ದಾಯಿತು. ಗಂಟು ಮಾತ್ರ ತನ್ನ ಪಾಡಿಗೆ ತಾನು ದೊಡ್ಡದಾಗ್ತಾ ಅಂಗಿ ಗುಂಡಿಯಷ್ಟಾಯಿತು. ನಡುವೆ ಕುಳಿ ಬಿತ್ತು, ಸುತ್ತ ದಪ್ಪ ಅಂಚು ಕಟ್ಟಿತು, ಮೇಲೊಂದು ಹಕ್ಕಳೆ. ಹಕ್ಕಳೆ ಉದುರಿದರೆ ಒಳಗೆ ಹಸಿ ಹಸಿ. ನೋವಿಲ್ಲ, ತುರಿಕೆ ಇಲ್ಲ, ಜ್ವರ ಇಲ್ಲ. ರೆಪ್ಪೆ ಭಾರವಾಗಿ ಅರ್ಧ ಇಳಿದುಬಿಟ್ಟಿತು.

ಅತ್ತೆಗೆ ಇದು ಅಂಟುರೋಗ ಅನ್ನೋ ಭಯ ಹತ್ತಿತು. ಇವರ ತಟ್ಟೆ ಬೇರೆ ಇಟ್ಟರು, ದಿಂಬು ಬೇರೆ ಇಟ್ಟರು. ನನ್ನ ಮಗಳು ಅಪ್ಪನ ತೊಡೆ ಬಿಟ್ಟರೆ ಊಟ ಮಾಡ್ತಿರಲಿಲ್ಲ. ಅವಳನ್ನ ಎಳೆದು ಈಚೆ ಕೂರಿಸಿದರು. ಇವರು ಗೋಡೆ ಕಡೆ ತಿರುಗಿ ಉಂಡರು. ಅವಳನ್ನ ಮತ್ತೆ ಆ ತೊಡೆ ಮೇಲೆ ಕೂರಿಸೋಣ ಅನ್ನಿಸಿತು. ಆದರೆ ಅಂಟಲ್ಲ ಅಂತ ಹೇಳೋಕೆ ನನಗೇನು ಗೊತ್ತಿತ್ತು?

ಆ ವಾರದಲ್ಲೇ ಒಂದು ದಿನ ಇವರು ಗೋಡೆ ನೋಡಿದ್ದು ತಪ್ಪಿತು. ಇಳಿದ ರೆಪ್ಪೆ ಕೆಳಗಿಂದ ತಲೆ ಎತ್ತಿ ಎತ್ತಿ ನೋಡಿ ಹಾರೆ ಹಾಕಿಸಿದರು. ಗೋಡೆ ಆ ಕಡೆ ಮಲಗೋದು ಬಿಟ್ಟು ನಾನು ನಿಂತ ಕಡೆ ವಾಲಿತು. ಬುಟ್ಟಿ ಬಿಸಾಕಿ ಓಡಿದೆ. ಬುಟ್ಟಿ ಅಪ್ಪಚ್ಚಿಯಾಯಿತು, ನಾನು ಉಳಿದೆ. ಇವರು ಧೂಳಿನಲ್ಲಿ ಹಾಗೇ ನಿಂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಮಾರನೇ ದಿನ ಮತ್ತೆ ಅದೇ ರಾಗ, ಸುಣ್ಣ ಕಚ್ಚಿದ್ದು, ಹೋಗುತ್ತೆ ಬಿಡು.

ಓಡಿದ್ದಕ್ಕೆ ನನ್ನ ಸೊಂಟ ಹಿಡಿದಿತ್ತು. ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ಸಿಸ್ಟರು ನನಗಿಂತ ಸುಸ್ತಾಗಿದ್ದರು. ಬೆಳಗಿನಿಂದ ನಿಂತೇ ಇದ್ದೆ ಅಂತ ಹೇಳಿ, ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತರು. ಸೊಂಟಕ್ಕೆ ಮಾತ್ರೆ ಕೊಟ್ಟು, ಹೇಗಾಯಿತು ಅಂತ ಕೇಳಿದರು. ಗೋಡೆ ಕತೆ ಹೇಳಿದೆ. ಗೋಡೆ ಕತೆ ಹೇಳಿದಮೇಲೆ ಕಣ್ಣಿನ ಕತೆ ಹೇಳದೆ ಇರೋಕಾಗುತ್ತಾ? ಅದನ್ನೂ ಹೇಳಿದೆ.

‘ನೋವಿದೆಯಾ ಅವರಿಗೆ?’

‘ಇಲ್ಲ ಸಿಸ್ಟರ್, ಅದೊಂದು ಪುಣ್ಯ.’

‘ಪುಣ್ಯ ಅಲ್ಲ ಅಕ್ಕ. ನನಗೆ ಅನುಮಾನ ಬರ್ತಿರೋದೇ ಅದಕ್ಕೆ. ಅವರು ಮಲಗೋದೆಲ್ಲಿ?’

ನನಗೆ ರೇಗಿತು. ನನ್ನ ಗಂಡ ಎಲ್ಲಿ ಮಲಗಿದರೆ ನಿಮಗೇನು ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹೇಳಿದೆ, ಮಣ್ಣಿನ ಗೋಡೆ ಪಕ್ಕ, ಬರೀ ಮೈಯಲ್ಲಿ ಅಂತ. ಸಿಸ್ಟರು ತಲೆಯಾಡಿಸಿದರು. ತಿಂಗಳುಗಟ್ಟಲೆ ಮಾಯದ, ನೋಯದ ಹುಣ್ಣು ಕೆಲವು ಸಲ ಒಂದು ಸಣ್ಣ ನೊಣ ಕಚ್ಚಿ ಬರುತ್ತಂತೆ. ನಾನು ತರಬೇತಿಯಲ್ಲಿ ಚಿತ್ರ ನೋಡಿದ್ದೀನಿ ಅಷ್ಟೇ, ಅದೇ ಇದು ಅಂತ ಹೇಳಲಾರೆ, ಬೇರೆ ಏನಾದರೂ ಇರಬಹುದು ಅಂದರು. ‘ಕಣ್ಣಲ್ಲಿ ನೋಡಿ ಹೇಳೋ ಕಾಯಿಲೆ ಅಲ್ಲ ಅಕ್ಕ, ಕೆರೆದು ನೋಡಬೇಕು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ರೆಪ್ಪೆ ಮೇಲಿರೋದು, ತಡ ಮಾಡಬೇಡಿ.’

ಮನೆಗೆ ಬಂದು ಹೇಳಿದರೆ ಇವರು ಎಗರಿಬಿದ್ದರು. ಕಣ್ಣಿನ ಹತ್ತಿರ ಬ್ಲೇಡು ಹಿಡಿಯೋಕೆ ಬಿಡಲ್ಲ, ಮನೆ ಕೆಡವೋರು ನಾವಾದರೆ ಕಣ್ಣು ಕೆಡವೋರು ಅವರು ಅಂದರು. ಅತ್ತೆಯೂ ಮಗನ ಪರ. ನನಗೆ ಜಗಳ ಆಡೋ ಶಕ್ತಿ ಇರಲಿಲ್ಲ. ಪಾತ್ರೆ ತೊಳೆದು, ಕೈ ಒರೆಸಿಕೊಂಡು ಬಂದು ಎದುರು ಕೂತೆ.

‘ಸುಣ್ಣ ಕಚ್ಚಿದ್ರೆ ಉರಿಯುತ್ತೆ ತಾನೆ?’

‘ಉರಿಯುತ್ತೆ.’

‘ಇದು ಒಂದು ದಿನ ಆದ್ರೂ ಉರೀತಾ?’

ಇವರು ರೆಪ್ಪೆ ಮುಟ್ಟಿ ನೋಡಿಕೊಂಡರು.

‘ಸುಣ್ಣದ ಗಾಯ ನಾಲ್ಕು ದಿನಕ್ಕೆ ಹೋಗುತ್ತೆ. ಇದು ತಿಂಗಳುಗಟ್ಟಲೆ ಕೂತಿದೆ. ಇದ್ಯಾವ ಸೀಮೆ ಸುಣ್ಣ ರೀ?’

ಅತ್ತೆ ಕಿಸಕ್ ಅಂತ ನಕ್ಕರು. ಇವರಿಗೂ ನಗು ತುಟಿಯಂಚಿಗೆ ಬಂತು, ತಡೆದುಕೊಂಡರು. ಆಗ ಹೇಳಿದೆ, ‘ಕೆರೆದು ನೋಡದೆ ನೀವು ಯಾವತ್ತಾದ್ರೂ ಗೋಡೆಗೆ ಹಾರೆ ಹಾಕಿದ್ದೀರಾ? ಇಷ್ಟು ದಿನ ಎಲ್ಲರೂ ಮೇಲಿನ ಗಾರೆ ನೋಡಿ ಔಷಧಿ ಕೊಟ್ರು. ನಾನೂ, ನೀವೂ, ಅತ್ತೆಯೂ ಅಷ್ಟೇ ಮಾಡಿದ್ವಿ. ಒಳಗೇನಿದೆ ಅಂತ ಒಬ್ಬರು ನೋಡಲಿ ಬಿಡಿ.’

ಇವರು ತಲೆ ತಗ್ಗಿಸಿ, ಅವತ್ತು ಗೋಡೆ ಕೆಳಗೆ ಬುಟ್ಟಿ ಬದಲು ನೀನಿದ್ದಿದ್ರೆ ಅಂದರು. ಬೆಳಿಗ್ಗೆ ಅವರೇ ಮೊದಲು ಎದ್ದು ಒಗೆದ ಅಂಗಿ ಹಾಕಿಕೊಂಡಿದ್ದರು.

ದೊಡ್ಡಾಸ್ಪತ್ರೆ ಅಂದರೆ ಗೊತ್ತಲ್ಲ. ಒಂದು ಸಾಲಿನಲ್ಲಿ ನಿಂತು ಮುಗಿಸಿದರೆ ಇನ್ನೊಂದು ಸಾಲು. ಚರ್ಮದ ಡಾಕ್ಟರಮ್ಮ ಗಾಯ ನೋಡಿ, ಕಣ್ಣಿನ ಡಾಕ್ಟರನ್ನೂ ಕರೆಸಿ ನೋಡಿಸಿದರು. ಕಣ್ಣುಗುಡ್ಡೆಗೆ ಏನೂ ಆಗಿಲ್ಲ, ಸದ್ಯ ಅಂದರು. ರೆಪ್ಪೆ ಮರಗಟ್ಟೋ ಹಾಗೆ ಔಷಧಿ ಕೊಟ್ಟು, ಹುಣ್ಣಿನ ಅಂಚಿನಿಂದ ಒಂದಿಷ್ಟು ಕೆರೆದು ಗಾಜಿನ ಪಟ್ಟಿಗೆ ಸವರಿ ಒಳಗೆ ಕಳಿಸಿದರು. ಇವರು ಬೆಂಚಿನ ಅಂಚನ್ನ ಎಷ್ಟು ಗಟ್ಟಿ ಹಿಡಿದಿದ್ದರು ಅಂದರೆ ಬೆಂಚೇ ಕಿತ್ತು ಬರುತ್ತೇನೋ ಅಂದುಕೊಂಡೆ. ಮುಗಿದಮೇಲೆ, ಇಷ್ಟೇನಾ ಅಂದರು.

ಫಲಿತಾಂಶ ಬಂತು. ಏನೂ ಸಿಗಲಿಲ್ಲ.

ಇವರಿಗೆ ಅಷ್ಟು ಸಾಕಾಗಿತ್ತು. ನೋಡಿದೆಯಾ, ಏನೂ ಇಲ್ಲ, ನಡಿ ಮನೆಗೆ ಅಂತ ಎದ್ದೇಬಿಟ್ಟರು. ನಿಜ ಹೇಳ್ತೀನಿ, ನನಗೂ ಎದ್ದು ಹೋಗೋಣ ಅನ್ನಿಸಿತ್ತು. ಕಾಲು ಸೋತಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ, ಒಂದು ಸಲ ಕೆರೆದಾಗ ಸಿಗದೇ ಇರಬಹುದು, ಈ ಸಲ ಅಂಚಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೀತೀನಿ ಅಂದರು. ಇವರು ನನ್ನ ಮುಖ ನೋಡಿದರು. ನಾನು ಬೆಂಚು ತೋರಿಸಿದೆ. ಕೂತರು.

ಆ ಚೂರಿನಲ್ಲಿ ಸಿಕ್ಕಿತು. ಡಾಕ್ಟರಮ್ಮ ಇವರನ್ನ ಒಳಗೆ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರಂತೆ. ಚುಕ್ಕಿ ಚುಕ್ಕಿ ಇದೆ, ಜೀವ ಇರೋ ಚುಕ್ಕಿಯಂತೆ ಅಂತ ಈಚೆ ಬಂದು ಹೇಳಿದರು. ಆ ಚುಕ್ಕಿಯ ಹೆಸರು ಲೀಶ್ಮೇನಿಯಾ ಅಂತೆ, ಕಾಯಿಲೆಗೂ ಅದರದ್ದೇ ಹೆಸರು. ನನಗೆ ನಾಲಗೆ ಹೊರಳೋಕೆ ಎಷ್ಟೋ ದಿನ ಬೇಕಾಯಿತು, ನೀವು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿಕೊಳ್ಳಿ, ನಾಚಿಕೆ ಏನಿಲ್ಲ.

‘ಕಚ್ಚಿದ್ದು ನಿಜವೇ ಮೇಸ್ತ್ರಿ,’ ಅಂದರು ಡಾಕ್ಟರಮ್ಮ. ‘ಆದರೆ ಕಚ್ಚಿದ್ದು ಸುಣ್ಣ ಅಲ್ಲ, ಮರಳು ನೊಣ.’

ಅದು ಸೊಳ್ಳೆಗಿಂತ ಚಿಕ್ಕದು. ಗುಂಯ್ ಅನ್ನಲ್ಲ, ಬಂದದ್ದೇ ಗೊತ್ತಾಗಲ್ಲ. ಹಗಲೆಲ್ಲ ಮಣ್ಣಿನ ಗೋಡೆ ಬಿರುಕಲ್ಲಿ, ಕಲ್ಲುಮಣ್ಣಿನ ರಾಶಿಯಲ್ಲಿ, ಕೊಟ್ಟಿಗೆ ಮೂಲೆಯಲ್ಲಿ ಅಡಗಿರುತ್ತೆ. ಸಂಜೆಯಾದಮೇಲೆ ಈಚೆ ಬಂದು ತೆರೆದ ಮೈ ಹುಡುಕುತ್ತೆ. ಅದರ ಹೊಟ್ಟೆಯಲ್ಲಿರೋ ಪರಾವಲಂಬಿ ಜೀವಿ, ಅಂದರೆ ಬೇರೆಯವರ ಮೈಯಲ್ಲಿ ಬಾಡಿಗೆ ಕೊಡದೆ ಬಿಟ್ಟಿ ಕೂರೋ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ನಮ್ಮ ಚರ್ಮದೊಳಗೆ ಸೇರಿಕೊಳ್ಳುತ್ತೆ. ವಾರಗಳೋ ತಿಂಗಳುಗಳೋ ಆದಮೇಲೆ ಹುಣ್ಣಾಗಿ ಕಾಣುತ್ತೆ. ಅಷ್ಟು ಹೊತ್ತಿಗೆ ಕಚ್ಚಿದ್ದು ಯಾರಿಗೆ ನೆನಪಿರುತ್ತೆ? ಕೀವಿಗೆ ಕೊಡೋ ಮಾತ್ರೆ ಮುಲಾಮಿಗೆ ಇದು ಜಗ್ಗಲ್ಲ, ಇದಕ್ಕೆ ಇದರದ್ದೇ ಔಷಧಿ ಬೇಕು.

ಅಂಟುತ್ತಾ ಅಂತ ಕೇಳಿದೆ. ಮುಟ್ಟಿದರೆ ಅಂಟಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟಲ್ಲ ಅಂದರು. ಇವರು ಆಗ ಮೊದಲ ಸಲ ತಲೆ ಎತ್ತಿ, ‘ಮಗು ತೊಡೆ ಮೇಲೆ ಕೂರಬಹುದಾ?’ ಅಂತ ಕೇಳಿದರು. ಕೂರಿಸಿಕೊಳ್ಳಿ ಅಂದರು ಡಾಕ್ಟರಮ್ಮ. ಇವರ ಕಣ್ಣು ತುಂಬಿತು. ನನ್ನದೂ.

ಆಮೇಲೆ ಅಸಲು ವಿಷಯ ಹೇಳಿದರು. ಇದು ಬೆನ್ನ ಮೇಲೋ ತೋಳ ಮೇಲೋ ಆಗಿದ್ದರೆ ಇಷ್ಟು ಯೋಚನೆ ಇರಲಿಲ್ಲ, ಕೆಲವರಿಗೆ ತಾನಾಗೇ ಮಾಯುತ್ತೆ, ಕಲೆ ಉಳಿಯುತ್ತೆ, ಅಷ್ಟೇ. ಆದರೆ ರೆಪ್ಪೆ ಮೇಲೆ ಹುಣ್ಣು ಹಬ್ಬಿ ಅಂಚು ತಿಂದರೆ, ಮಾಯುವಾಗ ಚರ್ಮ ಸುಕ್ಕುಗಟ್ಟಿ ರೆಪ್ಪೆಯನ್ನ ಎಳೆದುಬಿಡುತ್ತೆ. ಆಗ ಕಣ್ಣು ಮುಚ್ಚೋಕಾಗಲ್ಲ. ಮುಚ್ಚದ ಕಣ್ಣು ಒಣಗಿ, ಗಾಯವಾಗಿ, ದೃಷ್ಟಿಯೇ ಹೋಗಬಹುದು. ಇವರು ನಿಟ್ಟುಸಿರು ಬಿಟ್ಟು, ಚೌಕಟ್ಟು ಸೊಟ್ಟಗಾದರೆ ಕದ ಕೂರಲ್ಲ, ಗೊತ್ತಾಯಿತು ಅಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ, ‘ಔಷಧಿ ಮಾಡದಿದ್ರೆ ಇವರು ಕಣ್ಣು ಮುಚ್ಚಲ್ವಂತೆ. ಹೇಗಾದ್ರೂ ಕಣ್ಣು ಮುಚ್ಚೋ ಹಾಗೆ ಆಗಬೇಕು ಅತ್ತೆ.’

‘ಬಿಡ್ತು ಅನ್ನು,’ ಅಂತ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ‘ಗಂಡ ಕಣ್ಣು ಮುಚ್ಚಲಿ ಅನ್ನೋ ಹೆಂಡತೀನ ನಾನು ಇವತ್ತೇ ನೋಡಿದ್ದು.’

ಬಿಡ್ತು ಅಂದೆ. ಆದರೆ ಒಳಗೊಳಗೇ ಅದನ್ನೇ ಬೇಡಿಕೊಂಡೆ. ಮಾತಿಗೆ ಎರಡರ್ಥ ಇದ್ದರೆ ನಾನೇನು ಮಾಡಲಿ.

ಇಂಜೆಕ್ಷನ್ ಶುರುವಾಯಿತು. ಹುಣ್ಣಿಗೇ ಚುಚ್ಚೋದೂ ಇದೆಯಂತೆ, ಕಣ್ಣಿನ ಹತ್ತಿರ ಅದು ಬೇಡ ಅಂತ ಸೊಂಟಕ್ಕೆ ಕೊಟ್ಟರು. ದಿನಾ ಹೋಗಬೇಕು. ನಡುನಡುವೆ ರಕ್ತ ಪರೀಕ್ಷೆ, ಎದೆಗೆ ವೈರು ಅಂಟಿಸಿ ಇಸಿಜಿ. ಔಷಧಿ ಜೋರು, ಹೃದಯಕ್ಕೆ ತೊಂದರೆ ಆಗದ ಹಾಗೆ ನೋಡ್ಕೋಬೇಕು ಅಂದರು. ಇವರಿಗೆ ಕೀಲು ಕೀಲೂ ನೋವು ಬಂತು. ಊಟ ಸೇರಲಿಲ್ಲ. ನೋವಿಲ್ಲದ ಗಾಯಕ್ಕೆ ನೋವಿರೋ ಔಷಧಿ, ಇದ್ಯಾವ ನ್ಯಾಯ ಅಂತ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ನಾನು ಬೆಳಿಗ್ಗೆ ಇವರ ಜೊತೆ ಆಸ್ಪತ್ರೆಗೆ ಹೋಗಿ, ಮಧ್ಯಾಹ್ನ ಬೇರೆ ಮೇಸ್ತ್ರಿ ಕೈಕೆಳಗೆ ಕಲ್ಲು ಹೊರೋಕೆ ಹೋಗ್ತಿದ್ದೆ.

ಗಾಯ ಒಣಗೋಕೆ ಶುರುವಾದಮೇಲೆ ಒಂದು ದಿನ ಇವರು ಅರ್ಧ ದಾರಿಯಲ್ಲಿ ಒಂದು ಕಟ್ಟೆ ಮೇಲೆ ಕೂತುಬಿಟ್ಟರು. ವಾಸಿಯಾಗಿದೆ, ಇನ್ನು ಚುಚ್ಚಿಸ್ಕೊಳ್ಳಲ್ಲ, ಸಾಕಾಯಿತು ಅಂದರು. ನಾನೂ ಪಕ್ಕದಲ್ಲಿ ಕೂತೆ. ಎದ್ದು ಬೈಯೋಕೂ ನನ್ನಲ್ಲಿ ತ್ರಾಣ ಇರಲಿಲ್ಲ. ಜನ ಹೋಗ್ತಾ ಬರ್ತಾ ನಮ್ಮನ್ನ ನೋಡ್ತಿದ್ದರು.

‘ನನಗೂ ಸಾಕಾಗಿದೆ ರೀ,’ ಅಂದೆ. ‘ಆದರೆ ನಿಮ್ಮ ಕಣ್ಣು ಹೋದ್ರೆ ಗೋಡೆ ನಾನು ನೋಡಬೇಕು. ನನಗೆ ಗೋಡೆ ನೋಡೋಕೆ ಬರಲ್ಲ. ಏಳಿ.’

ಇವರು ಮೊಣಕಾಲು ಹಿಡಿದುಕೊಂಡು ಎದ್ದರು. ಡಾಕ್ಟರಮ್ಮ ಸಾಕು ಅನ್ನೋ ತನಕ ಒಂದು ದಿನವೂ ತಪ್ಪಿಸಲಿಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಉಳಿದಿದ್ದರೆ ಮತ್ತೆ ಎದ್ದು ಬರುತ್ತಂತೆ. ಅದು ಇವರಿಗೆ ಆಮೇಲೆ ಅರ್ಥವಾಯಿತು.

ಈಗ ಅಲ್ಲೊಂದು ತೆಳು ಕಲೆ ಇದೆ, ಅಷ್ಟೇ. ಮೊನ್ನೆ ಮಧ್ಯಾಹ್ನ ಊಟ ಆದಮೇಲೆ ಇವರು ಮನೆ ಮುಂದೆ ಮಾರೋಕಿಟ್ಟ ಒಂದು ಹಳೇ ಬಾಗಿಲ ಮೇಲೆ ಮಲಗಿದ್ದರು. ಮಗಳು ಅಪ್ಪನ ಹೊಟ್ಟೆ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಎಡಗಣ್ಣು ಮುಚ್ಚಿತ್ತು. ಬಲಗಣ್ಣೂ ಪೂರ್ತಿ ಮುಚ್ಚಿತ್ತು, ಕೂದಲೆಳೆಯಷ್ಟೂ ಸಂದಿಲ್ಲ. ಉಸಿರಾಡ್ತಾ, ಗೊರಕೆ ಹೊಡೀತಾ, ಎರಡೂ ಕಣ್ಣು ಮುಚ್ಚಿ ಮಲಗಿದ್ದ ಗಂಡನ್ನ ನೋಡಿ ನಾನು ಅತ್ತುಬಿಟ್ಟೆ. ಅತ್ತೆ ಬಂದು ಏನಾಯಿತೇ ಅಂದರು. ಕಣ್ಣು ಮುಚ್ಚಿದ್ದಾರೆ ಅತ್ತೆ ಅಂದೆ. ಈ ಸಲ ಅವರು ಬಿಡ್ತು ಅನ್ನು ಅನ್ನಲಿಲ್ಲ. ಅವರೂ ಬಗ್ಗಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಈಗ ಇವರು ರಾತ್ರಿ ರಾಶಿ ಪಕ್ಕ ಮಲಗಲ್ಲ. ದೂರದಲ್ಲಿ ಮಂಚ ಹಾಕಿ, ತುಂಬು ತೋಳಿನ ಅಂಗಿ ತೊಟ್ಟು, ಪರದೆ ಕಟ್ಟಿಕೊಂಡು ಮಲಗ್ತಾರೆ. ಸೊಳ್ಳೆ ಪರದೆಯ ಕಣ್ಣು ದೊಡ್ಡದಾಗಿದ್ದರೆ ಈ ನೊಣ ನುಸುಳಿ ಬರುತ್ತೆ, ಅದಕ್ಕೆ ಸಣ್ಣ ಕಣ್ಣಿನದು, ಔಷಧಿ ಹಾಕಿದ್ದು ತಂದಿದ್ದೀವಿ. ನಮ್ಮ ಮನೆ ಗೋಡೆ ಬಿರುಕನ್ನೂ ಮೆತ್ತಿದರು. ಕೆಡವೋ ಮೇಸ್ತ್ರಿ ಗೋಡೆಗೆ ಮಣ್ಣು ಮೆತ್ತೋದು ನೋಡೋಕೆ ಪಕ್ಕದ ಮನೆಯವರೆಲ್ಲ ಬಂದು ನಿಂತಿದ್ದರು.

ಇನ್ನು ನೀವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮುಖದ ಮೇಲೆ, ರೆಪ್ಪೆ ಮೇಲೆ, ಕೈಕಾಲ ಮೇಲೆ ವಾರಗಟ್ಟಲೆ ಮಾಯದ ಹುಣ್ಣಿದೆಯಾ? ನೋಯಲ್ಲ ಅಂತ ಬಿಡಬೇಡಿ. ಎಣ್ಣೆ, ಶಾಖ, ಕಂಡ ಕಂಡ ಮುಲಾಮು ಹಚ್ಚುತ್ತಾ ದಿನ ತಳ್ಳಬೇಡಿ. ಆಸ್ಪತ್ರೆಗೆ ಕರ್ಕೊಂಡು ಹೋಗಿ, ಎಲ್ಲಿ ಮಲಗ್ತಾರೆ ಅನ್ನೋದನ್ನೂ ಹೇಳಿ, ಕೆರೆದು ನೋಡಿ ಅಂತ ಕೇಳಿ. ಒಂದು ಸಲ ಸಿಗದಿದ್ದರೆ ಇನ್ನೊಂದು ಸಲ ಹೋಗಿ. ಔಷಧಿ ಶುರು ಮಾಡಿದರೆ ಅರ್ಧ ದಾರಿಯಲ್ಲಿ ಕೂರಬೇಡಿ. ಆ ಮನುಷ್ಯನನ್ನ ಬೇರೆ ಮೂಲೆಗೆ ಕೂರಿಸಿ ಉಣ್ಣಿಸಬೇಡಿ, ಅದು ಹುಣ್ಣಿಗಿಂತ ಹೆಚ್ಚು ನೋಯುತ್ತೆ.

ನನ್ನ ಮಾತು ಮುಗೀತು, ನಾನು ಸ್ವಲ್ಪ ಒರಗ್ತೀನಿ. ನೀವು ಎದ್ದು ಮನೆಗೆ ಹೋಗಿ. ಮನೆಯವರು ಮಲಗಿದ್ದರೆ ಎಬ್ಬಿಸಬೇಡಿ. ಬಗ್ಗಿ, ಎರಡೂ ಕಣ್ಣು ಸರಿಯಾಗಿ ಮುಚ್ಚಿದೆಯಾ ಅಂತ ಒಮ್ಮೆ ನೋಡಿ.